ದೈಹಿಕ ಶಿಕ್ಷಣದ ಅವಧಿಯಲ್ಲಿ ನೃತ್ಯ: ಹೆಜ್ಜೆ ಹೇಳಿಕೊಡಬೇಕೇ, ಮಕ್ಕಳೇ ಕಂಡುಕೊಳ್ಳಲು ಬಿಡಬೇಕೇ?

ಪ್ರಶ್ನೆ: ಪ್ರೌಢಶಾಲೆಯ ದೈಹಿಕ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮೀಣ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ದೈಹಿಕ ಶಿಕ್ಷಕಿಯಾಗಿದ್ದೇನೆ. ಕಬಡ್ಡಿ, ಖೊ-ಖೊ, ಥ್ರೋಬಾಲ್, ಓಟ, ಉದ್ದಜಿಗಿತ ಇವುಗಳನ್ನು ಕಲಿಸುವುದರಲ್ಲಿ ನನಗೆ ಅಳುಕಿಲ್ಲ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡ ಕಟ್ಟುವುದೂ ರೂಢಿಯಾಗಿದೆ. ಈ ವರ್ಷ ಎಂಟು ಮತ್ತು ಒಂಬತ್ತನೆಯ ತರಗತಿಯವರಿಗೆ ವಾರದಲ್ಲಿ ಒಂದು ಅವಧಿಯನ್ನಾದರೂ ನೃತ್ಯಕ್ಕೆ, ಅಂದರೆ ಮಕ್ಕಳು ತಮ್ಮ ಮನಸ್ಸಿನಲ್ಲಿರುವುದನ್ನು ಮೈಯ ಚಲನೆಯ ಮೂಲಕ ಹೇಳುವುದಕ್ಕೆ, ಮೀಸಲಿಡಬೇಕೆಂದು ನಿರ್ಧರಿಸಿದ್ದೇನೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ಈ ನಿರ್ಧಾರಕ್ಕೆ ಕಾರಣವಾದದ್ದು ಜುಲೈ ತಿಂಗಳ ಒಂದು ಮಳೆಯ ದಿನ. ಮೈದಾನ ಕೆಸರಾಗಿದ್ದರಿಂದ ಮಕ್ಕಳನ್ನು ಶಾಲೆಯ ಪಡಸಾಲೆಯಲ್ಲಿ ಕೂರಿಸಿದ್ದೆ. ಆಟದಲ್ಲಿ ಎಂದೂ ಮುಂದೆ ಬಾರದ ಒಬ್ಬ ಹುಡುಗಿ, ತನ್ನನ್ನು ಯಾರೂ ನೋಡುತ್ತಿಲ್ಲವೆಂದುಕೊಂಡು, ಹೆಂಚಿನ ಅಂಚಿನಿಂದ ಇಳಿಯುತ್ತಿದ್ದ ನೀರಿನ ಎಳೆಗೆ ಅಂಗೈಯೊಡ್ಡಿ ನಿಂತಿದ್ದಳು. ಮಳೆ ಬಿರುಸಾದಾಗ ಅವಳ ಮೊಣಕೈ ಭಾರವಾದಂತೆ ಕೆಳಗಿಳಿಯುತ್ತಿತ್ತು, ತಗ್ಗಿದಾಗ ಕೈ ಭುಜದ ಮಟ್ಟಕ್ಕೆ ತೇಲಿ ಬರುತ್ತಿತ್ತು. ಕೊನೆಗೆ ಹಿಮ್ಮಡಿಯ ಮೇಲೆ ನಿಧಾನವಾಗಿ ಒಂದು ಸುತ್ತು ತಿರುಗಿ ಗೋಡೆಗೆ ಒರಗಿದಳು. ಎಲ್ಲವೂ ಸೇರಿ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟೋ ಮಕ್ಕಳ ಓಟವನ್ನು ಗಡಿಯಾರ ಹಿಡಿದು ಅಳೆದಿದ್ದೇನೆ. ಒಂದು ಮಗುವಿನ ಮೈ ಹೀಗೆ ತಾನಾಗಿ ಮಾತನಾಡುವುದನ್ನು ನಿಂತು ನೋಡಿದ್ದು ಅದೇ ಮೊದಲು. ಈ ಹುಡುಗಿಗೆ ನನ್ನ ಅವಧಿಯಲ್ಲಿ ಇದುವರೆಗೆ ಜಾಗವೇ ಇರಲಿಲ್ಲ ಎಂಬುದು ಆ ದಿನ ಮನಸ್ಸಿಗೆ ನಾಟಿತು.

ಮರುವಾರ ನಲವತ್ತಾರು ಮಕ್ಕಳನ್ನು ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿ, ಸ್ಪೀಕರಿನಲ್ಲಿ ಒಂದು ಹಾಡು ಹಾಕಿ, "ನಿಮಗೆ ತೋಚಿದಂತೆ ಕುಣಿಯಿರಿ" ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡು ಕಂಬದಂತೆ ನಿಂತರು. ಇಬ್ಬರು ಹುಡುಗರು ಸಿನಿಮಾದ ಹೆಜ್ಜೆಗಳನ್ನು ಹಾಕಿದಾಗ ಉಳಿದವರು ನಕ್ಕರು, ನಕ್ಕ ಕೂಡಲೇ ಅವರೂ ನಿಲ್ಲಿಸಿದರು. ಹತ್ತು ನಿಮಿಷಗಳ ಬಳಿಕ ನಾನೇ ಸೋತು ಚೆಂಡನ್ನು ಕೊಟ್ಟುಬಿಟ್ಟೆ.

ನಮ್ಮಲ್ಲಿ ನೃತ್ಯವೆಂದರೆ ಶಾಲಾ ವಾರ್ಷಿಕೋತ್ಸವಕ್ಕೆ ಮೊಬೈಲ್ ನೋಡಿ ಒಂದು ಹಾಡಿನ ಹೆಜ್ಜೆಗಳನ್ನು ಹದಿನೈದು ದಿನ ಉರುಹೊಡೆಸುವುದು ಎಂದಾಗಿದೆ; ಪ್ರತಿಭಾ ಕಾರಂಜಿಗೂ ಬಹುಮಟ್ಟಿಗೆ ಇದೇ ತಯಾರಿ. ಅದರಲ್ಲಿ ಶಿಸ್ತಿದೆ, ಸಂತೋಷವೂ ಇದೆ, ಆದರೆ ಮಗುವಿನದೇ ಆದದ್ದು ಏನೂ ಇರುವುದಿಲ್ಲ. ಹೆಜ್ಜೆ ಹೇಳಿಕೊಟ್ಟರೆ ಗಿಣಿಪಾಠವಾಗುತ್ತದೆ, ಹೇಳಿಕೊಡದಿದ್ದರೆ ಮಕ್ಕಳಿಗೆ ಕೈಕಾಲೇ ಆಡುವುದಿಲ್ಲ. ಇವೆರಡರ ನಡುವೆ ದಾರಿ ಯಾವುದು? ನಾನು ನೃತ್ಯ ಕಲಿತವಳಲ್ಲ. ಅದು ದೊಡ್ಡ ಅಡ್ಡಿಯೇ? ಇಂಥ ಅವಧಿಗೆ ಅಂಕ ಕೊಡುವುದಾದರೆ ಯಾವುದನ್ನು ನೋಡಿ ಕೊಡಬೇಕು? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ನಿವೃತ್ತ ದೈಹಿಕ ಶಿಕ್ಷಕರು, ಧಾರವಾಡ

ತಂಗೀ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂವತ್ತೆರಡು ವರ್ಷ ಇದೇ ಕೆಲಸ ಮಾಡಿದವನಾಗಿ ಮೊದಲು ಕವಾಯತಿನ ಪರವಾಗಿ ಒಂದು ಮಾತು ಹೇಳಲು ಅಪ್ಪಣೆ ಕೊಡಿ. ಎಲ್ಲರೂ ಒಂದೇ ಎಣಿಕೆಗೆ ಚಲಿಸುವುದು ಮಗುವಿನ ಸ್ವಂತಿಕೆಯನ್ನು ಅಳಿಸುತ್ತದೆಂದು ಈಚೆಗೆ ಹಲವರು ಹೇಳುತ್ತಾರೆ. ನಾನು ಕಂಡದ್ದು ಬೇರೆ. ನಾಚಿಕೆಯ ಮಗು ಮೈಚಳಿ ಬಿಡುವುದು ನೂರು ಮಂದಿಯ ನಡುವೆ ತಾನೂ ಒಂದಾಗಿ ಲೇಜಿಮ್ ಅಲುಗಿಸುವಾಗಲೇ. ಬಿಲ್ಲಿನಾಕಾರದ ಆ ಸಾಧನವನ್ನು ಕೈಗೆ ಕೊಟ್ಟ ಕೂಡಲೇ ಮಗುವಿಗೆ ತನ್ನ ಕೈಗಳನ್ನು ಏನು ಮಾಡಬೇಕೆಂಬ ಮುಜುಗರ ಹೋಗುತ್ತದೆ. ಸರಪಳಿಯ ಬಿಲ್ಲೆಗಳ ಸದ್ದು ಅದರ ಕಿವಿಗೆ ಅದೇ ಕ್ಷಣದಲ್ಲಿ ಉತ್ತರ ಕೊಡುತ್ತದೆ. ತಾಳ ತಪ್ಪಿದ್ದನ್ನು ಶಿಕ್ಷಕ ಹೇಳಬೇಕಾಗಿಯೇ ಇಲ್ಲ.

ನಿಮ್ಮ ಮಕ್ಕಳು ಕಂಬದಂತೆ ನಿಂತದ್ದಕ್ಕೆ ಕಾರಣ, ಅವರಿಗೆ ನಿಲ್ಲಲು ಗಟ್ಟಿ ನೆಲವನ್ನೇ ಕೊಡದೆ ಹಾರಲು ಹೇಳಿದ್ದು. ನಾನು ಅನುಸರಿಸುತ್ತಿದ್ದ ಕ್ರಮ ಸರಳವಾದದ್ದು. ಎಂಟು ಎಣಿಕೆಯ ನಾಲ್ಕು ಸಾಲುಗಳು, ಒಟ್ಟು ಮೂವತ್ತೆರಡು. ಮೊದಲ ಮೂರು ಸಾಲುಗಳಲ್ಲಿ ಎಲ್ಲರಿಗೂ ಒಂದೇ ಚಲನೆ; ನಾಲ್ಕನೆಯ ಸಾಲಿನ ಎಂಟು ಎಣಿಕೆಗಳು ಪ್ರತಿ ಮಗುವಿಗೂ ಸ್ವಂತದ್ದು. ಏನು ಬೇಕಾದರೂ ಮಾಡಬಹುದು, ಆದರೆ ಎಂಟನೆಯ ಎಣಿಕೆಗೆ ಮರಳಿ ತನ್ನ ಜಾಗದಲ್ಲಿ ಇರಬೇಕು. ಮೊದಲ ದಿನ ಬಹಳಷ್ಟು ಮಕ್ಕಳು ಆ ಎಂಟು ಎಣಿಕೆ ಸುಮ್ಮನೆ ನಿಲ್ಲುತ್ತಾರೆ, ನಿಲ್ಲಲಿ. ಎರಡನೆಯ ವಾರಕ್ಕೆ ಒಬ್ಬ ತಿರುಗುತ್ತಾನೆ, ಒಬ್ಬಳು ಕೂತು ಏಳುತ್ತಾಳೆ. ಒಂದು ತಿಂಗಳಿಗೆ ಎರಡು ಸಾಲುಗಳನ್ನು ಅವರೇ ಕೇಳುತ್ತಾರೆ.

ಪೋಷಕರೋ ಸಹೋದ್ಯೋಗಿಗಳೋ "ಮಕ್ಕಳನ್ನು ಕುಣಿಸುತ್ತೀರಾ" ಎಂದು ಆಕ್ಷೇಪಿಸಿದರೆ ಹೇಳಲು ಒಂದು ಸಂಗತಿ ನೆನಪಿರಲಿ. 1919ರಲ್ಲಿ ಸಿಲ್ಹಟ್‌ನಲ್ಲಿ ಮಣಿಪುರಿ ನೃತ್ಯವನ್ನು ಕಂಡು ಮೆಚ್ಚಿದ ರವೀಂದ್ರನಾಥ ಠಾಕೂರರು ತ್ರಿಪುರಾದಿಂದ ಬುದ್ಧಿಮಂತ ಸಿಂಗರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡರು. ಗೌರವಸ್ಥ ಮನೆತನಗಳು ಕುಣಿತವನ್ನು ಒಪ್ಪದ ಆ ಕಾಲದಲ್ಲಿ ಅದು ಅಲ್ಲಿನ ಹುಡುಗರನ್ನು ತಲುಪಿದ್ದು ಮೃದಂಗದ ಬಡಿತಕ್ಕೆ ಮಾಡುವ ವ್ಯಾಯಾಮದ ರೂಪದಲ್ಲಿ. ಬಂಗಾಳದಲ್ಲೇ ಗುರುಸದಯ ದತ್ತರು 1932ರಲ್ಲಿ ಬ್ರತಚಾರಿ ಚಳವಳಿಯನ್ನು ಆರಂಭಿಸಿ, ರಾಯಬೆಂಶೆಯಂಥ ಯೋಧರ ಜಾನಪದ ಕುಣಿತವನ್ನು ಯುವಕರ ಮೈಮನಸ್ಸುಗಳ ತರಬೇತಿಗೆ ತಂದರು. ನಮ್ಮ ದೇಶದಲ್ಲಿ ನೃತ್ಯ ಮತ್ತು ವ್ಯಾಯಾಮ ಒಂದೇ ಅಂಗಳದಲ್ಲಿ ಬೆಳೆದದ್ದಕ್ಕೆ ಇವೆರಡು ಉದಾಹರಣೆಗಳು ಸಾಕು.

ಒಂದು ಎಚ್ಚರಿಕೆ. ಜಿಗಿತ ಇರುವ ದಿನ ಸಿಮೆಂಟಿನ ನೆಲ ಬೇಡ, ಮಣ್ಣಿನ ನೆಲವೇ ಇರಲಿ. ಮೊದಲ ಐದು ನಿಮಿಷ ಕೀಲುಗಳನ್ನು ಸಡಿಲಗೊಳಿಸಿ, ನೆಲಕ್ಕಿಳಿಯುವಾಗ ಮುಂಗಾಲು ಮೊದಲು ತಾಗಿ ಮಂಡಿ ಮಡಚುವಂತೆ ರೂಢಿ ಮಾಡಿಸಿ. ಇದನ್ನು ನೀವು ಬಲ್ಲಿರಿ. ನೃತ್ಯವೆಂದ ಕೂಡಲೇ ಮರೆಯುವವರನ್ನು ನೋಡಿದ್ದೇನೆ, ಅದಕ್ಕೆ ಬರೆದೆ.

ಉತ್ತರ 2: ರಂಗಭೂಮಿ ಮತ್ತು ನೃತ್ಯ ಶಿಕ್ಷಕಿ, ಮೈಸೂರು

ಮೇಡಂ, ನೀವು ನೃತ್ಯ ಕಲಿಯದಿರುವುದು ಅಡ್ಡಿಯಲ್ಲ. ಹೇಗೆಂದರೆ, ಒಂದು ಶೈಲಿಯಲ್ಲಿ ವರ್ಷಗಟ್ಟಲೆ ಪಳಗಿದ ನಮ್ಮಂಥವರಿಗೆ ಮಗುವಿನ ಒರಟು ಚಲನೆಯನ್ನು ಕಂಡ ಕೂಡಲೇ ತಿದ್ದಬೇಕೆಂಬ ಆತುರ ಬರುತ್ತದೆ. ಆ ಆತುರವನ್ನು ಹಿಡಿದಿಟ್ಟುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಮಳೆಯ ದಿನ ನೀವು ಆ ಹುಡುಗಿಯ ಮೊಣಕೈ ಇಳಿದದ್ದನ್ನೂ ಹಿಮ್ಮಡಿ ತಿರುಗಿದ್ದನ್ನೂ ಗಮನಿಸಿದ್ದೀರಿ. ಈ ಕೆಲಸಕ್ಕೆ ಬೇಕಾದ ಕಣ್ಣು ಅದೇ.

"ತೋಚಿದಂತೆ ಕುಣಿಯಿರಿ" ಎಂಬುದು ಕೇಳಲು ಸ್ವಾತಂತ್ರ್ಯದ ಮಾತು, ಮಕ್ಕಳ ಪಾಲಿಗೆ ಮಾತ್ರ ಎಲ್ಲಕ್ಕಿಂತ ಕಠಿಣವಾದ ಆಜ್ಞೆ. ಏನು ಬೇಕಾದರೂ ಮಾಡಬಹುದಾದಾಗ ಏನೂ ತೋಚುವುದಿಲ್ಲ. ಮಕ್ಕಳಿಗೆ ಹೆಜ್ಜೆ ಕೊಡಬೇಡಿ, ಕಟ್ಟುಪಾಡು ಕೊಡಿ. "ಒಂದು ಕಾಲು ನೆಲ ಬಿಟ್ಟೇಳದೆ ಎಷ್ಟು ದೂರದ ವಸ್ತುಗಳನ್ನು ಮುಟ್ಟಬಲ್ಲಿರಿ?" ಎಂದು ಕೇಳಿ ನೋಡಿ. ಯಾರೂ ನಿಮ್ಮ ಮುಖ ನೋಡುವುದಿಲ್ಲ; ಎಲ್ಲರೂ ಬಾಗುತ್ತಾರೆ, ಚಾಚುತ್ತಾರೆ, ತೂಗುತ್ತಾರೆ. ಹಿರಿಯರು ಹೇಳಿದ ಎಂಟು ಎಣಿಕೆಯೂ ಇಂಥದೇ ಕಟ್ಟುಪಾಡು, ಆದ್ದರಿಂದಲೇ ಅದು ಫಲ ಕೊಟ್ಟಿದೆ ಎಂದು ನನ್ನ ನಂಬಿಕೆ.

ಚಲನೆಯನ್ನು ನೋಡುವುದಕ್ಕೆ ರುಡಾಲ್ಫ್ ಲಾಬಾನ್ ಕೊಟ್ಟ ನಾಲ್ಕು ಅಂಶಗಳು ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತವೆ. 1879ರಲ್ಲಿ ಇಂದಿನ ಬ್ರಾಟಿಸ್ಲಾವಾ ನಗರದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಹೆಸರು ಮಾಡಿ, 1938ರಲ್ಲಿ ಇಂಗ್ಲೆಂಡಿಗೆ ವಲಸೆ ಹೋದ ಈ ನೃತ್ಯಚಿಂತಕರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಕಾರ್ಖಾನೆಗಳ ಕೆಲಸಗಾರರು ಎತ್ತುವ, ತಳ್ಳುವ, ತಿರುಚುವ ರೀತಿಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ಯಾವ ಚಲನೆಯಲ್ಲಾದರೂ ಭಾರ, ಕಾಲ, ಅವಕಾಶ (ಅಂದರೆ ಚಲನೆ ಸುತ್ತಲಿನ ಜಾಗವನ್ನು ಬಳಸುವ ಬಗೆ), ಹರಿವು ಎಂಬ ನಾಲ್ಕು ಅಂಶಗಳಿರುತ್ತವೆ ಎಂಬುದು ಅವರ ವಿವೇಚನೆಯ ತಿರುಳು. ಚಲನೆ ಗಟ್ಟಿಯೋ ಹಗುರವೋ, ತಟಕ್ಕನೆ ಆಗುವುದೋ ನಿಧಾನವಾಗಿ ಆಗುವುದೋ, ನೇರವಾಗಿ ಗುರಿಗೆ ಹೋಗುವುದೋ ಸುತ್ತಿ ಬಳಸಿ ಹೋಗುವುದೋ, ಬಿಗಿ ಹಿಡಿದದ್ದೋ ಬಿಟ್ಟುಬಿಟ್ಟದ್ದೋ, ಇಷ್ಟೇ ಪ್ರಶ್ನೆಗಳು.

ಇದನ್ನು ಮಕ್ಕಳಿಗೆ ಸಿದ್ಧಾಂತವಾಗಿ ಹೇಳಬೇಕಾಗಿಲ್ಲ. ತುಂಬಿದ ಕೊಡ ಸೊಂಟದ ಮೇಲಿಟ್ಟು ನಡೆಯಿರಿ, ಈಗ ಅದೇ ಕೊಡ ಖಾಲಿ ಎನ್ನಿ, ಭಾರ ಅರ್ಥವಾಗುತ್ತದೆ. ನೇಗಿಲ ಸಾಲಿನಂತೆ ನಡೆಯಿರಿ, ಈಗ ಹುಲ್ಲಿನಲ್ಲಿ ಕಳೆದ ಓಲೆಯನ್ನು ಹುಡುಕುತ್ತ ನಡೆಯಿರಿ ಎನ್ನಿ, ಅವಕಾಶ ಅರ್ಥವಾಗುತ್ತದೆ. ಉರಿಯುವ ದೀಪದ ಆರತಿ ತಟ್ಟೆ ಹಿಡಿದು ಬರುವವಳ ಮೈ ಬಿಗಿ ಹಿಡಿದಿರುತ್ತದೆ, ಪರೀಕ್ಷೆ ಮುಗಿದ ದಿನ ಗೇಟಿನಿಂದ ಹೊರಗೆ ಓಡುವವನ ಮೈ ಬಿಟ್ಟುಬಿಟ್ಟಿರುತ್ತದೆ. ಇವೆಲ್ಲ ಅವರ ಮೈಗೆ ಮೊದಲೇ ಗೊತ್ತು.

ನಿಮ್ಮ ಜಿಲ್ಲೆಯ ಮಕ್ಕಳಿಗೆ ನಾನು ಪಾಠ ಮಾಡುವುದಾದರೆ ಮನೆಗೆಲಸದಿಂದ ಹೊಲಗೆಲಸದಿಂದ ಆರಂಭಿಸುತ್ತಿದ್ದೆ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು, ರಾಶಿ ತೂರುವುದು, ಹಗ್ಗ ಹೊಸೆಯುವುದು, ಕಳೆ ಕೀಳುವುದು, ಇವುಗಳಲ್ಲಿ ಪ್ರತಿಯೊಬ್ಬರೂ ಒಂದನ್ನು ಆರಿಸಿಕೊಳ್ಳಲಿ. ಮೊದಲು ಮನೆಯಲ್ಲಿ ಮಾಡುವಷ್ಟೇ ಗಾತ್ರದಲ್ಲಿ, ಮಾಡುವಂತೆಯೇ ಮಾಡಲಿ. ಬಳಿಕ ಅದೇ ಚಲನೆ ಬೆರಳಿನಿಂದ ಮುಂಗೈಗೆ, ಮುಂಗೈಯಿಂದ ಭುಜಕ್ಕೆ, ಭುಜದಿಂದ ಇಡೀ ಮೈಗೆ ಹರಡಲಿ. ಆಮೇಲೆ ತುಂಬ ನಿಧಾನ, ಆಮೇಲೆ ತುಂಬ ವೇಗ, ಆಮೇಲೆ ಜೊತೆಗಾರರ ಕಡೆಗೆ ತಿರುಗಿ. ಈ ಹಂತದಲ್ಲಿ ಅದು ಮೆಣಸಿನಕಾಯಿಯ ಕೆಲಸವಾಗಿ ಉಳಿದಿರುವುದಿಲ್ಲ. ಒಬ್ಬಳಲ್ಲಿ ಬೇಸರವಾಗಿ, ಇನ್ನೊಬ್ಬನಲ್ಲಿ ಸಿಟ್ಟಾಗಿ, ಮತ್ತೊಬ್ಬಳಲ್ಲಿ ಅವ್ವನ ನೆನಪಾಗಿ ಮಾರ್ಪಟ್ಟಿರುತ್ತದೆ. ಅದೇನೆಂದು ನೀವು ಕೇಳಬೇಡಿ. ಆರಂಭದಲ್ಲಿ ಒಂದು ನಿಶ್ಚಲ ಭಂಗಿ, ಕೊನೆಯಲ್ಲಿ ಒಂದು ನಿಶ್ಚಲ ಭಂಗಿ ಇರಲೇಬೇಕೆಂದು ಮಾತ್ರ ಪಟ್ಟು ಹಿಡಿಯಿರಿ. ಆಗ ಅದಕ್ಕೊಂದು ಆಕಾರ ಬರುತ್ತದೆ.

ಸಂಗೀತದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮೊದಲ ಕೆಲವು ವಾರ ಸಿನಿಮಾ ಹಾಡು ಬೇಡವೇ ಬೇಡ. ಹಾಡಿನ ಮೇಲೆ ನನಗೆ ತಕರಾರಿಲ್ಲ, ಆದರೆ ಅದು ತನ್ನ ಹೆಜ್ಜೆಗಳನ್ನೂ ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಪರದೆಯ ಮೇಲೆ ಕಂಡದ್ದನ್ನು ಬಿಟ್ಟು ಬೇರೊಂದು ಮಗುವಿನ ಮೈಗೆ ಹೊಳೆಯುವುದಿಲ್ಲ. ಮೌನದಲ್ಲಿ, ಇಲ್ಲವೇ ನೀವೇ ಹಲಗೆಯನ್ನೋ ಡಬ್ಬವನ್ನೋ ಬಡಿದ ಸದ್ದಿಗೆ ಮಾಡಿಸಿ.

ಜಾನಪದ ಕುಣಿತಗಳನ್ನು ತರುವುದಾದರೆ ಅದನ್ನೂ ಬರಿಯ ಅನುಕರಣೆಗೆ ತರಬೇಡಿ. ನಮ್ಮ ಕಡೆಯ ಬೀಸು ಕಂಸಾಳೆಯನ್ನು ಗಮನಿಸಿ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರದಿಂದ ತೂಗುವ ಇನ್ನೊಂದು ತಾಳ. ಮಲೆ ಮಹದೇಶ್ವರನ ಪದ ಹಾಡುತ್ತ ಅದನ್ನು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಬೀಸಿ ಸರಿಯಾದ ಕ್ಷಣಕ್ಕೆ ತಾಗಿಸಬೇಕು. ದಾರ ಎಷ್ಟು ಉದ್ದವೋ ಅಷ್ಟೇ ವರ್ತುಲ. ದೇಹ ಆ ವರ್ತುಲಕ್ಕೆ ದಾರಿ ಬಿಡುತ್ತ ಬಾಗುತ್ತದೆ. ಮಕ್ಕಳಿಗೆ ಒಂದು ಟವೆಲ್ ತುದಿಗೆ ಗಂಟು ಹಾಕಿಕೊಟ್ಟು "ಇದರ ದಾರಿಗೆ ಅಡ್ಡ ಬಾರದಂತೆ ಚಲಿಸಿ" ಎಂದರೆ, ಕಂಸಾಳೆಯ ಹೆಜ್ಜೆ ಕಲಿಸದೆಯೇ ಕಂಸಾಳೆಯ ಒಳಗಿನ ತರ್ಕ ಅವರ ಕೈಗೆ ಸಿಗುತ್ತದೆ. ಆ ಬಳಿಕ ನಿಜವಾದ ಕಲಾವಿದರನ್ನು ಕರೆಸಿ ತೋರಿಸಿ. ನೋಡುವ ರೀತಿಯೇ ಬದಲಾಗಿರುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಕೃತಜ್ಞತೆಗಳು. ಕೊಡದ ನಡಿಗೆಯನ್ನು ಈ ವಾರವೇ ಮಾಡಿಸುತ್ತೇನೆ. ಇನ್ನೆರಡು ಸಂದೇಹಗಳು ಉಳಿದಿವೆ. ಒಂಬತ್ತನೆಯ ತರಗತಿಯ ಹುಡುಗರಲ್ಲಿ ಬಹುಪಾಲು ಮಂದಿ ಇದು ಹುಡುಗಿಯರ ಅವಧಿಯೆಂದು ದೂರ ನಿಲ್ಲುತ್ತಾರೆ. ಅಲ್ಲದೆ, ನಮ್ಮ ಶಾಲೆಯಲ್ಲಿ ಒಬ್ಬ ಸಹೋದ್ಯೋಗಿ "ಇದು ಚಿತ್ರಕಲೆ, ಸಂಗೀತದವರ ವಿಷಯ, ದೈಹಿಕ ಶಿಕ್ಷಣಕ್ಕೆ ಏನು ಸಂಬಂಧ?" ಎಂದು ಕೇಳಿದರು. ಅಂಕದ ಪ್ರಶ್ನೆಗೂ ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 3: ಪ್ರಾಥಮಿಕ ಶಾಲಾ ಶಿಕ್ಷಕಿ, ಇಂಗ್ಲೆಂಡ್ (ಊರು ಶಿವಮೊಗ್ಗ)

ನಮಸ್ಕಾರ ಮೇಡಂ. ನಿಮ್ಮ ಸಹೋದ್ಯೋಗಿಗಳ ಪ್ರಶ್ನೆಗೆ ನಾನು ಕೆಲಸ ಮಾಡುವ ದೇಶದ ಪಠ್ಯಕ್ರಮವೇ ಒಂದು ಉತ್ತರ. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ನೃತ್ಯವು ದೈಹಿಕ ಶಿಕ್ಷಣದ ಒಳಗೇ ಇದೆ. ಐದರಿಂದ ಏಳು ವರ್ಷದ ಮಕ್ಕಳು ಸರಳ ಚಲನೆಗಳಿಂದ ನೃತ್ಯ ಮಾಡಬೇಕು, ಹನ್ನೊಂದರವರೆಗೆ ಚಲನೆಗಳ ವೈವಿಧ್ಯ ಹೆಚ್ಚಬೇಕು, ಹನ್ನೊಂದು ದಾಟಿದವರಿಗೆ ಬೇರೆ ಬೇರೆ ಶೈಲಿಗಳ ಪರಿಚಯವಾಗಬೇಕು ಎಂದು ಅಲ್ಲಿ ಬರೆದಿದೆ. ಓಟ, ಈಜು, ಜಿಮ್ನಾಸ್ಟಿಕ್ಸ್ ಹೇಗೋ ಹಾಗೆಯೇ ಇದನ್ನೂ ನಾವು ಕಲಿಸುತ್ತೇವೆ. ಅಮೆರಿಕದಲ್ಲಿಯೂ ಬೇರು ಇಲ್ಲಿಯೇ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1926ರಲ್ಲಿ ಆರಂಭವಾದ, ಆ ದೇಶದ ಮೊದಲ ನೃತ್ಯ ಪದವಿಯನ್ನು ರೂಪಿಸಿದ ಮಾರ್ಗರೆಟ್ ಎಚ್‌ಡೌಬ್ಲರ್ ಮಹಿಳೆಯರ ದೈಹಿಕ ಶಿಕ್ಷಣ ವಿಭಾಗದವರು. ಜೀವಶಾಸ್ತ್ರ ಓದಿ, ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದವರು. ಅವರು ತರಗತಿಯಲ್ಲಿ ತಾವೇ ಕುಣಿದು ತೋರಿಸುತ್ತಿರಲಿಲ್ಲ. ಅಸ್ಥಿಪಂಜರವನ್ನು ಇಟ್ಟುಕೊಂಡು ಕೀಲುಗಳು ಹೇಗೆ ಚಲಿಸುತ್ತವೆಂದು ವಿವರಿಸಿ, ವಿದ್ಯಾರ್ಥಿನಿಯರನ್ನು ನೆಲದ ಮೇಲೆ ಮಲಗಿಸಿ, ನಿಂತು ಮೈಯ ಭಾರ ಹೊರಬೇಕಾದ ಒತ್ತಡವಿಲ್ಲದ ಆ ಸ್ಥಿತಿಯಲ್ಲಿ ತಮ್ಮ ಮೈ ಏನೇನು ಮಾಡಬಲ್ಲದೆಂದು ತಾವೇ ಶೋಧಿಸಲು ಬಿಡುತ್ತಿದ್ದರು. ನೃತ್ಯ ಕಲಿಯದ ದೈಹಿಕ ಶಿಕ್ಷಕಿಗೆ ಇದಕ್ಕಿಂತ ಧೈರ್ಯ ಕೊಡುವ ಪೂರ್ವಜರು ಸಿಗುವುದು ಕಷ್ಟ.

ನಮ್ಮ ದೇಶದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಠ್ಯ, ಪಠ್ಯೇತರ ಎಂಬ ಗೋಡೆಯನ್ನು ಒಪ್ಪುವುದಿಲ್ಲ. ಕಲೆಯನ್ನೂ ಕ್ರೀಡೆಯನ್ನೂ ಕಲಿಕೆಯಲ್ಲಿ ಬೆರೆಸಬೇಕೆನ್ನುತ್ತದೆ. ಮುಖ್ಯೋಪಾಧ್ಯಾಯರ ಮುಂದೆ ಇದನ್ನು ಇಡಬಹುದು.

ಹಾಗೆಂದು ಇಲ್ಲಿ ಎಲ್ಲವೂ ಸರಿಯಾಗಿ ನಡೆದುಬಂದಿದೆ ಎಂದಲ್ಲ. ಲಾಬಾನ್ ಅವರು ಶಾಲೆಗಳ ನೃತ್ಯದ ಬಗ್ಗೆ 1948ರಲ್ಲಿ ಪುಸ್ತಕ ಬರೆದ ಮೇಲೆ ಅವರ ವಿಚಾರಗಳು ಇಲ್ಲಿನ ಶಾಲೆಗಳಲ್ಲಿ ವ್ಯಾಪಕವಾಗಿ ಹರಡಿದವು. ಆದರೆ ಕಾಲಕ್ರಮದಲ್ಲಿ ಅದು ಅನೇಕ ಕಡೆ "ಮರವಾಗಿ, ಗಾಳಿಯಾಗಿ" ಎಂದು ಹೇಳಿ ಕೈ ಬೀಸಿಸುವ ಮಟ್ಟಕ್ಕೆ ಇಳಿಯಿತು, ಕಲಿತದ್ದೇನು ಎಂದರೆ ಉತ್ತರವಿಲ್ಲ ಎಂಬ ಟೀಕೆಯೂ ಬಂತು. ಆ ಟೀಕೆ ನ್ಯಾಯವಾದದ್ದೆಂದೇ ನನ್ನ ಅನಿಸಿಕೆ. ಅಭಿವ್ಯಕ್ತಿಯ ಹೆಸರಿನಲ್ಲಿ ಶ್ರಮವನ್ನು ಬಿಟ್ಟುಕೊಟ್ಟರೆ ಮಗುವಿಗೆ ತನ್ನ ಮಾತು ಹೇಳಲು ಬೇಕಾದ ಮೈಯೇ ತಯಾರಾಗುವುದಿಲ್ಲ. ಆದ್ದರಿಂದ ಈಗ ನಾವು ಮೂರನ್ನೂ ಒಟ್ಟಿಗೆ ನೋಡುತ್ತೇವೆ: ಮಗು ತಾನೇ ಕಟ್ಟಬೇಕು, ಕಟ್ಟಿದ್ದನ್ನು ಅಭ್ಯಾಸ ಮಾಡಿ ಎರಡನೆಯ ಸಲವೂ ಹಾಗೆಯೇ ಮಾಡಿ ತೋರಿಸಬೇಕು, ಇನ್ನೊಬ್ಬರದನ್ನು ನೋಡಿ ಮಾತನಾಡಬೇಕು.

ನಿಮ್ಮ ಅಂಕದ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ. ಚೆಂದವಾಗಿ ಕುಣಿದರೇ ಎಂದು ನಾನು ಕೇಳುವುದಿಲ್ಲ. ಕೊಟ್ಟ ಕಟ್ಟುಪಾಡಿನೊಳಗೆ ಎಷ್ಟು ಬಗೆ ಹುಡುಕಿದರು, ಮೊದಲ ವಾರಕ್ಕೂ ನಾಲ್ಕನೆಯ ವಾರಕ್ಕೂ ಏನು ಬದಲಾಯಿತು, ತಾನು ಆರಿಸಿದ್ದನ್ನು ಏಕೆ ಆರಿಸಿದೆನೆಂದು ಹೇಳಬಲ್ಲರೇ, ಇಷ್ಟನ್ನು ದಾಖಲಿಸುತ್ತೇನೆ. ನೋಡಿದವರು "ಚೆನ್ನಾಗಿತ್ತು" ಎನ್ನುವಂತಿಲ್ಲ. "ನೀನು ತಿರುಗುವ ಮುಂಚೆ ಉಸಿರು ಹಿಡಿದೆ" ಎಂಬಂತೆ ಕಂಡದ್ದನ್ನು ಹೇಳಬೇಕು. ಈ ಒಂದು ನಿಯಮ ತರಗತಿಯ ಗೇಲಿಯನ್ನು ನಿಲ್ಲಿಸುತ್ತದೆ. ಬಾಯಿಗೆ ಬೇರೆ ಕೆಲಸ ಸಿಕ್ಕಿರುತ್ತದೆ.

ಹುಡುಗರಿಗೆ ನೃತ್ಯ ಎಂಬ ಹೆಸರನ್ನೇ ಹೇಳದೆ ಆರಂಭಿಸಿ. ಕಬಡ್ಡಿಯ ದಾಳಿಗೆ ಹೋಗುವವನ ಬಾಗಿದ ಮಂಡಿ, ತಟಕ್ಕನೆ ಚಾಚುವ ಕಾಲು, ಹಿಂದೆ ಸರಿಯುವ ಬೆನ್ನು, ಇವನ್ನು ಅರ್ಧ ವೇಗದಲ್ಲಿ ಮಾಡಲು ಹೇಳಿ. ಅರ್ಧ ವೇಗ ಪೂರ್ಣ ವೇಗಕ್ಕಿಂತ ಕಷ್ಟವೆಂದು ಅವರ ತೊಡೆಗಳೇ ಅವರಿಗೆ ಹೇಳುತ್ತವೆ. ಊರಿನಲ್ಲಿ ಗಂಡಸರೇ ವೀರಗಾಸೆ, ಡೊಳ್ಳು ಕುಣಿಯುವಾಗ ಅದನ್ನು ಹೆಣ್ಣುಮಕ್ಕಳ ಕೆಲಸವೆಂದು ಯಾರೂ ಎನ್ನುವುದಿಲ್ಲವಲ್ಲ.

ಉತ್ತರ 4: ಶ್ರವಣದೋಷವುಳ್ಳ ಮಕ್ಕಳ ಶಿಕ್ಷಕಿ, ಬೆಳಗಾವಿ

ಮೇಡಂ ಅವರೇ, ಒಂದೆರಡು ಮಾತು ಸೇರಿಸುತ್ತೇನೆ. ನಿಮ್ಮ ತರಗತಿಯಲ್ಲಿ ಕಿವಿ ಕೇಳದ ಮಗುವೊಂದಿದ್ದರೆ ಮಣ್ಣಿನ ನೆಲವನ್ನು ಬಿಟ್ಟು ಹಲಗೆಯ ನೆಲ ಹುಡುಕಿ. ಬರಿಗಾಲಲ್ಲಿ ಹಲಗೆಯ ಮೇಲೆ ನಿಂತ ಮಗುವಿಗೆ, ಅದೇ ಹಲಗೆಗೆ ತಾಗಿಸಿಟ್ಟ ಡೊಳ್ಳಿನ ಬಡಿತ ಅಂಗಾಲಿನಿಂದ ಮೊಣಕಾಲಿಗೆ ಏರುತ್ತದೆ. ನಮ್ಮ ಮಕ್ಕಳು ಎದೆಗೆ ಕೈಯಿಟ್ಟು "ಇಲ್ಲಿಗೆ ಬಂತು" ಎಂದು ಸನ್ನೆ ಮಾಡುತ್ತಾರೆ. ಗಾಲಿಕುರ್ಚಿಯ ಮಗುವನ್ನು ಎಣಿಕೆ ಹೇಳಲು ಕೂರಿಸಬೇಡಿ, ದಯವಿಟ್ಟು. ಕತ್ತು, ನೋಟ, ಬೆರಳು, ಗಾಲಿಯ ತಿರುವು, ಇವಿಷ್ಟರಿಂದ ಆ ಮಗು ಕಟ್ಟುವುದನ್ನು ಉಳಿದವರು ಕಾಲಿನಿಂದ ಅನುಸರಿಸಲು ಪ್ರಯತ್ನಿಸಲಿ. ಯಾವ ಮಗುವನ್ನೂ ಎಲ್ಲರ ಮುಂದೆ ಮಾಡಿ ತೋರಿಸೆಂದು ಬಲವಂತ ಮಾಡದಿರುವುದು, ಜೋಡಿಯ ಚಲನೆಯಲ್ಲಿ ಮುಟ್ಟುವ ಮೊದಲು ಕೇಳುವ ರೂಢಿ ಹಾಕುವುದು, ಮೊಬೈಲಿನಲ್ಲಿ ಚಿತ್ರೀಕರಿಸಿ ಗುಂಪುಗಳಿಗೆ ಕಳುಹಿಸದಿರುವುದು, ಈ ಮೂರನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ. ತನ್ನ ಮನಸ್ಸನ್ನು ಮೈಯಲ್ಲಿ ತೋರಿಸುವ ಮಗು ಆ ಹೊತ್ತಿಗೆ ಬಹಳ ತೆರೆದುಕೊಂಡಿರುತ್ತದೆ. ಅದನ್ನು ಕಾಯುವುದು ನಮ್ಮ ಹೊಣೆ.

ಪ್ರಶ್ನೆ ಕೇಳಿದವರು, ಐದು ವಾರಗಳ ಬಳಿಕ

ಎಲ್ಲ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಇಷ್ಟು ಶ್ರದ್ಧೆಯಿಂದ ಬರೆದವರಿಗೆ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೊದಲ ವಾರ ಕೊಡದ ನಡಿಗೆ, ಎರಡನೆಯ ವಾರ ಅರ್ಧ ವೇಗದ ಕಬಡ್ಡಿ. ಕಬಡ್ಡಿಯ ದಿನ ದೂರ ನಿಲ್ಲುತ್ತಿದ್ದ ಹುಡುಗರೆಲ್ಲ ಬಂದರು, ಇಪ್ಪತ್ತು ನಿಮಿಷಕ್ಕೆ ಬೆವರಿಳಿಸಿ ಕೂತರು, ಮರುವಾರ "ಇವತ್ತೂ ನಿಧಾನದ ಕಬಡ್ಡಿ ಇದೆಯಾ ಟೀಚರ್?" ಎಂದು ತಾವಾಗಿ ಕೇಳಿದರು. ಮೂರನೆಯ ವಾರದಿಂದ ಮನೆಗೆಲಸದ ಚಲನೆಗಳನ್ನು ಕೈಗೆತ್ತಿಕೊಂಡೆವು. ಮೈಸೂರಿನ ಮೇಡಂ ಹೇಳಿದಂತೆ ಹೆಚ್ಚಿನವರು ಆರಿಸಿದ್ದು ಮೆಣಸಿನಕಾಯಿಯ ತೊಟ್ಟು ಬಿಡಿಸುವುದನ್ನೇ. ಹೆಬ್ಬೆರಳು ತೋರುಬೆರಳುಗಳ ನಡುವೆ ತೊಟ್ಟು ಮುರಿಯುವುದು, ಕಾಯಿಯನ್ನು ಬಲಕ್ಕೆ ಎಸೆಯುವುದು, ಘಾಟಿಗೆ ಮುಖವನ್ನು ಭುಜಕ್ಕೆ ಒರೆಸಿಕೊಳ್ಳುವುದು. ಈ ಮೂರನೆಯದನ್ನು ನಾನು ಹೇಳಿರಲಿಲ್ಲ. ಒಬ್ಬ ಹುಡುಗ ಅದನ್ನು ಸೇರಿಸಿದ, ನೋಡನೋಡುತ್ತ ಅದು ಇಡೀ ತರಗತಿಗೆ ಹರಡಿತು. ಅದನ್ನೇ ದೊಡ್ಡದು ಮಾಡುತ್ತ ಹೋದಾಗ ನಲವತ್ತಾರು ಮುಖಗಳು ಒಟ್ಟಿಗೆ ಭುಜದ ಕಡೆಗೆ ತಿರುಗಿ, ಅಲ್ಲಿಯೇ ತಡೆದು, ಮತ್ತೆ ಮುಂದೆ ಬಂದವು. ಆಕ್ಷೇಪಿಸಿದ್ದ ಸಹೋದ್ಯೋಗಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಸಂಜೆ ನನ್ನ ಬಳಿ ಬಂದು, ತಮ್ಮ ತಾಯಿ ಇದೇ ಕೆಲಸ ಮಾಡಿ ತಮ್ಮನ್ನು ಓದಿಸಿದ್ದೆಂದು ಹೇಳಿದರು, ಬೇರೇನನ್ನೂ ಹೇಳಲಿಲ್ಲ.

ಎಡವಿದ್ದೂ ಇದೆ. ಮೂರನೆಯ ವಾರವೇ ಗುಂಪುಗಳನ್ನು ಮಾಡಿ ಎಲ್ಲರ ಮುಂದೆ ತೋರಿಸಲು ಹೇಳಿದ್ದು ನನ್ನ ಆತುರ. ಎರಡು ಗುಂಪುಗಳು ಅರ್ಧಕ್ಕೇ ನಿಂತವು, ಒಬ್ಬಳು ಅತ್ತಳು. ಈಗ ಅರ್ಧ ತರಗತಿ ಮಾಡುವಾಗ ಉಳಿದರ್ಧ ನೋಡುತ್ತದೆ, ಒಂಟಿಯಾಗಿ ಯಾರನ್ನೂ ನಿಲ್ಲಿಸುವುದಿಲ್ಲ. ಧಾರವಾಡದ ಹಿರಿಯರ ಎಂಟು ಎಣಿಕೆಯನ್ನು ಪ್ರತಿ ಅವಧಿಯ ಮೊದಲಿಗೆ ಇಟ್ಟುಕೊಂಡಿದ್ದೇನೆ. ಈಗ ಎರಡು ಸಾಲು ಸ್ವಂತದ್ದಾಗಿದೆ.

ಮಳೆಯ ದಿನದ ಹುಡುಗಿ ಮೊದಲ ಎರಡು ವಾರ ಬೇವಿನ ಬುಡದಲ್ಲೇ ಕೂತಿದ್ದಳು. ನಾನು ಕರೆಯಲಿಲ್ಲ. ನಾಲ್ಕನೆಯ ವಾರ ಹಿಂದಿನ ಸಾಲಿಗೆ ಬಂದು ನಿಂತು, ತನ್ನ ಎಂಟು ಎಣಿಕೆಗಳಲ್ಲಿ ಏನನ್ನೂ ಮಾಡದೆ ಬಲಗೈಯನ್ನು ಮಾತ್ರ ಅಂಗೈ ಮೇಲಾಗಿ ಮುಂದೆ ಚಾಚಿದಳು. ಎಂಟನೆಯ ಎಣಿಕೆಗೆ ಸರಿಯಾಗಿ ಕೆಳಗಿಳಿಸಿದಳು. ನನ್ನ ದಾಖಲೆಯ ಪುಸ್ತಕದಲ್ಲಿ ಅದನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡಿದ್ದೇನೆ.

ನಮ್ಮ ಊರಿನ ಡೊಳ್ಳಿನ ಮೇಳದವರು ಮುಂದಿನ ಬುಧವಾರ ಒಂದು ಡೊಳ್ಳು ತಂದು ಬಾರಿಸಲು ಒಪ್ಪಿದ್ದಾರೆ. ಎಂಟನೆಯ ತರಗತಿಯಲ್ಲಿ ಕಿವಿ ಸರಿಯಾಗಿ ಕೇಳದ ಹುಡುಗನೊಬ್ಬನಿದ್ದಾನೆ. ಬೆಳಗಾವಿಯ ಮೇಡಂ, ಹಲಗೆಯ ನೆಲ ನಮ್ಮಲ್ಲಿಲ್ಲ. ನಾಲ್ಕು ಹಳೆಯ ಬೆಂಚುಗಳ ಹಲಗೆಗಳನ್ನು ಜೋಡಿಸಿ ನೆಲಕ್ಕೆ ಹಾಸಿದರೆ ಬಡಿತ ಅವನ ಕಾಲಿಗೆ ತಲುಪುತ್ತದೆಯೇ, ಅಥವಾ ಹಲಗೆಯ ಕೆಳಗೆ ಸ್ವಲ್ಪ ಟೊಳ್ಳು ಇರುವಂತೆ ಇಟ್ಟಿಗೆಯ ಮೇಲೆ ಕೂರಿಸಬೇಕೇ? ಬುಧವಾರಕ್ಕೆ ಮುಂಚೆ ತಿಳಿಸಿದರೆ ಬಡಗಿಯನ್ನು ಕರೆಸಿಕೊಳ್ಳುತ್ತೇನೆ.